ನೆರೆಮನೆಯ ಸಾಲ

2009ನೆಯ ಇಸವಿಯ ಫೆಬ್ರವರಿ 18ರಂದು ಅರಿಜೋನಾ ಸಂಸ್ಥಾನದ ಮೇಸಾ ಎಂಬ ಊರಿನ ಪ್ರೌಢಶಾಲೆಯೊಂದರಲ್ಲಿ ಮಾತನಾಡಿದ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅವರು, ಕಂತು ಕಟ್ಟಲಾರದೆ ಮನೆ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದ ಮೂವತ್ತು ನಲವತ್ತು ಲಕ್ಷ ಸಂಸಾರಗಳ ಗೃಹಸಾಲದ ಭಾರವನ್ನು ಇಳಿಸುವುದಕ್ಕಾಗಿ 7,500 ಕೋಟಿ ಡಾಲರುಗಳ ಯೋಜನೆಯೊಂದನ್ನು ಸರ್ಕಾರವು ಕೈಗೊಳ್ಳುವುದೆಂದು ಸಾರಿದರು. ಅದರ ಮರುದಿನವೇ ಷಿಕಾಗೊ ನಗರದ ವಿನಿಮಯಪೇಟೆಯ ಅಂಗಳದಲ್ಲಿ ನಿಂತು ಹಣಕಾಸಿನ ವರದಿ ಹೇಳುತ್ತಿದ್ದ ಸಿಎನ್‌ಬಿಸಿ ವಾಹಿನಿಯ ರಿಕ್ ಸಾಂಟೆಲಿ ಎಂಬವರು, ಸುತ್ತಲಿದ್ದ ದಲಾಲರ ಕಡೆಗೆ ತಿರುಗಿ, ಹೆಚ್ಚಿಗೆ ಒಂದು ಬಚ್ಚಲುಮನೆಯಿರುವ ಮನೆಯನ್ನು ಕೊಂಡು ಈಗ ಬಾಕಿ ಸಲ್ಲಿಸಲಾರದ ನೆರೆಯವನ ಸಾಲವನ್ನು ತೀರಿಸಲು ನಿಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೀರಿ ಎಂದು ಏರುದನಿಯಲ್ಲಿ ಕೇಳಿದರು. ದಲಾಲರು ಒಕ್ಕೊರಲಿನಿಂದ ಧಿಕ್ಕಾರ ಕೂಗಿದರು. ಆ ಕೂಗಿನಿಂದ ‘ಟೀ ಪಾರ್ಟಿ’ ಎಂಬ ರಾಜಕೀಯ ಚಳವಳಿಯೊಂದು ಹೊರಟು, ಮರುವರ್ಷದ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷವು ಪ್ರತಿನಿಧಿ ಸಭೆಯಲ್ಲಿ ಬಹುಮತವನ್ನು ಕಳೆದುಕೊಳ್ಳುವುದಕ್ಕೆ ಒಂದು ಕಾರಣವಾಯಿತು.

ಸಾಂಟೆಲಿಯವರ ಪ್ರಶ್ನೆಯನ್ನು ಧನಿಕರ ದರ್ಪವೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದವನು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹತ್ತು ವರ್ಷ ಕಳೆದು ಮುಂಗಡದ ಹಣವನ್ನು ಕೂಡಿಟ್ಟವನು, ಬೆಲೆ ಏರುತ್ತಿದ್ದ ಕಾಲದಲ್ಲಿ ಬಂಧುಗಳ ಮೂದಲಿಕೆಯನ್ನು ಕೇಳಿಯೂ ಸಾಲಕ್ಕೆ ಕೈಯೊಡ್ಡದವನು, ಇವರೆಲ್ಲ ತಾವು ತೆತ್ತ ತೆರಿಗೆಯು ಎದುರುಮನೆಯವನ ಬಡ್ಡಿಗೆ ಸಲ್ಲುವುದನ್ನು ಕಂಡು ನೊಂದುಕೊಂಡರೆ ಆ ನೋವಿನಲ್ಲಿ ಧರ್ಮದ ಅಂಶವೊಂದು ಇದ್ದೇ ಇದೆ. ಸಾಲವೆಂದರೆ ಅಂಜುವ ಮನೆತನಗಳಲ್ಲಿ ಬೆಳೆದು ಅಮೆರಿಕಕ್ಕೆ ಹೋಗಿ ನೆಲೆಸಿದ ನಮ್ಮವರಲ್ಲಿಯೂ ಹಲವರು ಇದೇ ಬೇಗುದಿಯನ್ನು ಅನುಭವಿಸಿದ್ದರೆ ಆಶ್ಚರ್ಯವೇನೂ ಇಲ್ಲ. ಕೊಟ್ಟ ಮಾತಿಗೆ ತಪ್ಪದವನಿಗೆ ಮನ್ನಣೆಯಿಲ್ಲದೆ ತಪ್ಪಿದವನಿಗೆ ಮಾತ್ರ ಮಾಫಿ ದೊರೆಯುವ ದೇಶದಲ್ಲಿ ಮುಂದಿನ ತಲೆಮಾರು ಯಾವ ಪಾಠವನ್ನು ಕಲಿತೀತು ಎಂಬ ಆತಂಕಕ್ಕೆ ಉತ್ತರ ಕೊಡದೆ ಈ ವಿಷಯದಲ್ಲಿ ಮುಂದಕ್ಕೆ ಹೋಗಲಾಗದು.

ಆದರೆ ಉತ್ತರ ಕೊಡುವ ಮೊದಲು ಸಾಲದ ಪತ್ರವನ್ನೊಮ್ಮೆ ಬಿಡಿಸಿ ಓದಬೇಕು. ಸಾಲ ತೀರಿಸುವ ಭರವಸೆ ಕಡಮೆಯಿದ್ದವರಿಗೆ ಕೊಡುತ್ತಿದ್ದ ಆ ಕಾಲದ ‘ಸಬ್‌ಪ್ರೈಮ್’ ಸಾಲಗಳಲ್ಲಿ ಅತ್ಯಂತ ಪ್ರಚಲಿತವಾಗಿದ್ದುದು ಮೂವತ್ತು ವರ್ಷಗಳ ಅವಧಿಯಲ್ಲಿ ಮೊದಲ ಎರಡು ವರ್ಷ ಒಂದು ಬಡ್ಡಿ, ಉಳಿದ ಇಪ್ಪತ್ತೆಂಟು ವರ್ಷ ಪೇಟೆಯ ದರಕ್ಕೆ ತಕ್ಕಂತೆ ಏರುವ ಬೇರೊಂದು ಬಡ್ಡಿ ಎಂಬ ಕರಾರಿನದು. ಎರಡು ಲಕ್ಷ ಡಾಲರಿನ ಸಾಲಕ್ಕೆ ಶೇಕಡಾ 7ರ ಬಡ್ಡಿ ಹಿಡಿದರೆ ತಿಂಗಳ ಕಂತು ಸುಮಾರು 1,330 ಡಾಲರು. ಎರಡು ವರ್ಷ ತಪ್ಪದೆ ಕಟ್ಟಿದ ಮೇಲೆ ಬಡ್ಡಿಯು ಶೇಕಡಾ 10ಕ್ಕೆ ಏರಿದರೆ ಅದೇ ಕಂತು ಸುಮಾರು 1,740 ಡಾಲರು. ಸಂಬಳ ಮಾತ್ರ ಇದ್ದಲ್ಲಿಯೇ ಇರುತ್ತದೆ. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2003ರಲ್ಲಿ ಶೇಕಡಾ 1ಕ್ಕೆ ಇಳಿಸಿದ್ದ ತನ್ನ ದರವನ್ನು 2004ರ ಜೂನ್‌ನಿಂದ 2006ರ ಜೂನ್‌ವರೆಗೆ ಹದಿನೇಳು ಸಲ ಏರಿಸಿ ಶೇಕಡಾ 5.25ಕ್ಕೆ ಮುಟ್ಟಿಸಿದ್ದರಿಂದ, ಎರಡು ವರ್ಷದ ಗಡುವು ಮುಗಿದವರೆಲ್ಲ ಈ ಏರಿಕೆಯ ಬಾಯಿಗೇ ನೇರವಾಗಿ ಬಿದ್ದರು. ಆಗ ಏನು ಗತಿಯೆಂದು ಕೇಳಿದವರಿಗೆ ಸಾಲ ಕೊಡಿಸಿದ ದಲ್ಲಾಳಿಯು, ಅಷ್ಟರೊಳಗೆ ಮನೆಯ ಬೆಲೆ ಏರಿರುತ್ತದೆ, ಹಳೆಯದನ್ನು ತೀರಿಸಿ ಹೊಸ ಸಾಲ ತೆಗೆಯಬಹುದು ಎಂದು ಸಮಾಧಾನ ಹೇಳಿರುತ್ತಿದ್ದನು. 2006ರಲ್ಲಿ ಬೆಲೆ ಏರುವುದು ನಿಂತಿತು, ಇಳಿಯತೊಡಗಿತು, ಸಮಾಧಾನವೂ ಅಲ್ಲಿಗೇ ಮುಗಿಯಿತು.

ದಲ್ಲಾಳಿಯ ಸಂಗತಿ ಇನ್ನೊಂದುಂಟು. ಸಾಲಗಾರನು ಪಡೆಯಲು ಅರ್ಹನಾಗಿದ್ದ ದರಕ್ಕಿಂತ ಹೆಚ್ಚಿನ ದರಕ್ಕೆ ಅವನನ್ನು ಒಪ್ಪಿಸಿದರೆ, ಹೆಚ್ಚಾದಷ್ಟಕ್ಕೂ ಸಾಲ ಕೊಡುವ ಸಂಸ್ಥೆಯಿಂದ ದಲ್ಲಾಳಿಗೆ ಬಹುಮಾನ ಸಂದಾಯವಾಗುವ ಪದ್ಧತಿಯಿತ್ತು. ದೇಶದ ಅತಿ ದೊಡ್ಡ ಗೃಹಸಾಲ ಸಂಸ್ಥೆಯಾಗಿದ್ದ ಕಂಟ್ರಿವೈಡ್, ಕರಿಯರನ್ನೂ ಲ್ಯಾಟಿನ್ ಮೂಲದವರನ್ನೂ ಅವರು ಕಡಮೆ ದರಕ್ಕೆ ಅರ್ಹರಾಗಿದ್ದರೂ ದುಬಾರಿ ಸಾಲಗಳಿಗೆ ತಳ್ಳಿತೆಂಬ ಆರೋಪದ ಮೇಲೆ 2011ರಲ್ಲಿ ನ್ಯಾಯಾಂಗ ಇಲಾಖೆಯೊಡನೆ 33.5 ಕೋಟಿ ಡಾಲರುಗಳ ರಾಜಿ ಮಾಡಿಕೊಳ್ಳಬೇಕಾಯಿತು. ಸಾಲಗಾರನು ತಿಳಿದೂ ತಿಳಿದೂ ಸಹಿ ಹಾಕಿದನೆಂಬ ವಾದವು ಇಂಥ ಕಡೆಗಳಲ್ಲಿ ನಿಲ್ಲುವುದಿಲ್ಲ. ಕೆಲವು ಸಾಲಗಳಲ್ಲಂತೂ ತಿಂಗಳ ಬಡ್ಡಿಗಿಂತಲೂ ಕಡಮೆ ಕಂತು ಕಟ್ಟುವ ಅವಕಾಶವಿದ್ದು, ಕಟ್ಟದೆ ಉಳಿದ ಬಡ್ಡಿಯು ಅಸಲಿಗೆ ಸೇರಿ, ಕಟ್ಟುತ್ತ ಹೋದಂತೆಲ್ಲ ಸಾಲವು ಬೆಳೆಯುತ್ತ ಹೋಗುತ್ತಿತ್ತು. ನಮ್ಮ ಧರ್ಮಶಾಸ್ತ್ರಕಾರರು ಕೂಡಿಬಿದ್ದ ಬಡ್ಡಿಯು ಅಸಲನ್ನು ಮೀರಕೂಡದೆಂದು ವಿಧಿಸಿ, ಆ ‘ದಾಮ್‌ದುಪ್ಪಟ್’ ನಿಯಮವನ್ನು ಹಳೆಯ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲಿಯೂ ಮಾನ್ಯ ಮಾಡಿಕೊಂಡು ಬಂದವೆಂಬುದನ್ನು ಧಾರವಾಡ, ಬೆಳಗಾವಿ ಕಡೆಯ ಹಿರಿಯ ವಕೀಲರು ಬಲ್ಲರು. ಸಾಲಕ್ಕೆ ಒಂದು ಮೇರೆ ಬೇಕೆಂಬ ಯೋಚನೆಯು ಇತ್ತೀಚಿನ ಸಮಾಜವಾದಿಗಳು ಹುಟ್ಟಿಸಿದ್ದಲ್ಲವೆಂದು ನೆನಪಿಸುವುದಕ್ಕೆ ಇಷ್ಟು ಹೇಳಿದೆ.

ಹಾಗೆಂದು ಸಾಲಗಾರರೆಲ್ಲ ಮುಗ್ಧರಾಗಿದ್ದರೆಂದು ಹೇಳಿದರೆ ಸತ್ಯಕ್ಕೆ ಅಪಚಾರ. ಆದಾಯಕ್ಕೆ ದಾಖಲೆ ಕೇಳದೆ ಬಾಯಿಮಾತನ್ನೇ ನಂಬಿ ಕೊಟ್ಟ ಸಾಲಗಳಲ್ಲಿ ಆ ಬಾಯಿಮಾತು ಎಷ್ಟೋ ಸಲ ಸುಳ್ಳಾಗಿತ್ತು. ಸುಳ್ಳನ್ನು ಸಾಲಗಾರನೇ ಹೇಳಿದ್ದೂ ಉಂಟು, ಅವನ ಕಣ್ಣಿಗೆ ಬೀಳದಂತೆ ದಲ್ಲಾಳಿಯೇ ಬರೆದುಕೊಂಡದ್ದೂ ಉಂಟು. ಲಾಸ್ ವೇಗಸ್ ನಗರದಲ್ಲಿಯೂ ಫ್ಲಾರಿಡಾದ ಕರಾವಳಿಯಲ್ಲಿಯೂ ಒಬ್ಬೊಬ್ಬರು ಮೂರು ನಾಲ್ಕು ಮನೆಗಳನ್ನು ವಾಸಕ್ಕೆಂದಲ್ಲದೆ ಆರು ತಿಂಗಳಲ್ಲಿ ಮಾರಿ ಲಾಭ ಮಾಡುವುದಕ್ಕೆಂದೇ ಕೊಂಡಿದ್ದರು. ಇನ್ನು ಕೆಲವರು ಇದ್ದ ಮನೆಯ ಏರಿದ ಬೆಲೆಯ ಮೇಲೆ ಎರಡನೆಯ ಸಾಲವೆತ್ತಿ ದೋಣಿ ಕೊಂಡರು, ಪ್ರವಾಸ ಹೋದರು. ಅವರ ಪಕ್ಕದ ಮನೆಯಲ್ಲಿಯೇ, ಆಸ್ಪತ್ರೆಯ ಬಿಲ್ಲನ್ನು ತೀರಿಸಲು ಎರಡನೆಯ ಸಾಲ ಮಾಡಿದ ವಿಧವೆಯೂ, ಸಾಲದಲ್ಲಿ ಯಾವ ಅಪಾಯವೂ ಇಲ್ಲದೆ ಇದ್ದು ಕಾರ್ಖಾನೆ ಮುಚ್ಚಿದ್ದರಿಂದಲೇ ಕಂತು ತಪ್ಪಿದ ಕೆಲಸಗಾರನೂ ಇದ್ದರು. ಹೊರಗಿನಿಂದ ನೋಡಿದರೆ ನಾಲ್ವರ ಬಾಗಿಲಿಗೂ ಅಂಟಿಸಿದ ನೋಟೀಸು ಒಂದೇ. ನೆರವಿಗೆ ಇವರಲ್ಲಿ ಅರ್ಹರು ಯಾರು ಎಂಬುದು ಒಂದೊಂದೇ ಬಾಗಿಲನ್ನು ತೆರೆದು ನೋಡಿದವನಿಗೆ ಮಾತ್ರ ತಿಳಿಯತಕ್ಕ ವಿಷಯ.

ಅರ್ಹತೆಯ ಮಾತು ಹಾಗಿರಲಿ, ನೆರೆಯವನ ಮನೆ ಹರಾಜಾದರೆ ತನಗೇನು ನಷ್ಟವೆಂದು ಕಂತು ತಪ್ಪದವನು ಕೇಳಿದಾಗ, ಅದಕ್ಕೆ ಉತ್ತರವು ಅವನ ಕಿಟಕಿಯ ಹೊರಗೇ ಕಾಣುತ್ತಿತ್ತು. ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸ್ಲಾವಿಕ್ ವಿಲೇಜ್ ಎಂಬ ಕೆಲಸಗಾರರ ಬಡಾವಣೆಯುಂಟು. ಜಪ್ತಿಯ ಹಾವಳಿಯು ದೇಶದಲ್ಲಿಯೇ ಅತ್ಯಂತ ತೀವ್ರವಾಗಿದ್ದ ಪ್ರದೇಶಗಳಲ್ಲಿ ಅದೊಂದು. ಅಲ್ಲಿ ಖಾಲಿಬಿದ್ದ ಮನೆಗಳಿಗೆ ರಾತ್ರಿ ಕಳ್ಳರು ನುಗ್ಗಿ ಗೋಡೆಯನ್ನೊಡೆದು ತಾಮ್ರದ ಕೊಳವೆಗಳನ್ನು ಕಿತ್ತೊಯ್ದರು. ಒಡೆದ ಕೊಳವೆಯ ನೀರು ನೆಲಮಾಳಿಗೆಯಲ್ಲಿ ನಿಂತು ಮನೆ ಕೊಳೆಯಿತು. ಕೊಳೆತ ಮನೆಯ ಎರಡೂ ಮಗ್ಗುಲ ಮನೆಗಳ ಬೆಲೆ ಕುಸಿಯಿತು. ಕ್ಯಾಲಿಫೋರ್ನಿಯಾದಲ್ಲಿ ಒಡೆಯರು ಬಿಟ್ಟುಹೋದ ಮನೆಗಳ ಹಿತ್ತಿಲಿನ ಈಜುಕೊಳಗಳು ಪಾಚಿಗಟ್ಟಿ, ವೆಸ್ಟ್ ನೈಲ್ ಜ್ವರವನ್ನು ಹರಡುವ ಸೊಳ್ಳೆಗಳು ಅವುಗಳಲ್ಲಿ ಮೊಟ್ಟೆಯಿಡತೊಡಗಲು, ಆರೋಗ್ಯಾಧಿಕಾರಿಗಳು ಸೊಳ್ಳೆಮರಿ ತಿನ್ನುವ ಮೀನುಗಳನ್ನು ತಂದು ಮನೆಮನೆಯ ಕೊಳಕ್ಕೆ ಬಿಡಬೇಕಾಯಿತು. ಒಣಗಿದ ಹುಲ್ಲುಹಾಸಿಗೆ ಹಸಿರು ಬಣ್ಣ ಸಿಂಪಡಿಸಿ ಬೀದಿಯ ಮಾನ ಕಾಯುವ ಒಂದು ವೃತ್ತಿಯೇ ಹುಟ್ಟಿಕೊಂಡಿತು. ಸೊಳ್ಳೆಯು ಕಚ್ಚುವಾಗ ಕಂತು ಕಟ್ಟಿದವರ ಪಟ್ಟಿಯನ್ನು ನೋಡುವುದಿಲ್ಲ.

ಇದಕ್ಕಿಂತಲೂ ನನ್ನನ್ನು ಕಾಡುವ ಸಂಗತಿಯೆಂದರೆ, ಅರ್ಹತೆಯ ಪರೀಕ್ಷೆಯು ಗೃಹಸ್ಥನ ಬಾಗಿಲಿಗೆ ಬಂದಷ್ಟು ಕಟ್ಟುನಿಟ್ಟಾಗಿ ಮತ್ತಾರ ಬಾಗಿಲಿಗೂ ಬಾರದೆ ಹೋದದ್ದು. 2008ರ ಮಾರ್ಚಿಯಲ್ಲಿ ಬೇರ್ ಸ್ಟರ್ನ್ಸ್ ಸಂಸ್ಥೆಯನ್ನು ಇನ್ನೊಂದು ಬ್ಯಾಂಕಿನ ಮಡಿಲಿಗೆ ಹಾಕುವಾಗ ಫೆಡರಲ್ ರಿಸರ್ವ್ ಬೆನ್ನಿಗೆ ನಿಂತಿತು. ಸೆಪ್ಟೆಂಬರಿನಲ್ಲಿ ಎಐಜಿ ವಿಮಾ ಸಂಸ್ಥೆಗೆ ಒಂದೇ ರಾತ್ರಿಯಲ್ಲಿ 8,500 ಕೋಟಿ ಡಾಲರುಗಳ ಸಾಲ ದೊರಕಿತು. ಅಕ್ಟೋಬರ್ 3ರಂದು 70,000 ಕೋಟಿ ಡಾಲರುಗಳ ಪರಿಹಾರನಿಧಿಯ ಕಾಯಿದೆಗೆ ಅಧ್ಯಕ್ಷ ಬುಷ್ ಸಹಿ ಹಾಕಿದರು. ವಿನಾಶದ ಅಂಚಿನಲ್ಲಿ ನಿಂತಾಗ ತಪ್ಪು ಯಾರದೆಂದು ವಿಚಾರಿಸುತ್ತ ಕೂರಬಾರದು, ಮೊದಲು ಬೆಂಕಿ ಆರಿಸಬೇಕು ಎಂಬುದೇ ಆಗ ಕೊಟ್ಟ ಕಾರಣ. ಕಾರಣ ಸರಿಯಾದದ್ದೇ, ಬ್ಯಾಂಕುಗಳಿಗೆ ಕೊಟ್ಟ ಹಣವು ಲಾಭದೊಡನೆ ಮರಳಿ ಬಂತೆಂಬುದನ್ನೂ ಒಪ್ಪತಕ್ಕದ್ದೇ. ಆದರೆ ಎಐಜಿಯ ನಷ್ಟಕ್ಕೆ ಮೂಲವಾದ ವಿಭಾಗದ ನೌಕರರಿಗೆ 2009ರ ಮಾರ್ಚಿಯಲ್ಲಿ 16.5 ಕೋಟಿ ಡಾಲರು ಬೋನಸ್ ಹಂಚುವಾಗ, ಕರಾರು ಎಂದರೆ ಕರಾರು, ಅದನ್ನು ಮುರಿಯಲಾಗದು ಎಂದು ಹೇಳಿದವರೇ, ಸಾಲಗಾರನು ಮಾತ್ರ ಕರಾರನ್ನು ಮುರಿದು ನೈತಿಕ ಅಧಃಪತನಕ್ಕೆ ದಾರಿ ಮಾಡುತ್ತಿದ್ದಾನೆಂದು ಹೇಳುವುದನ್ನು ಕೇಳಬೇಕಾಯಿತು.

ಈ ದ್ವಂದ್ವವು ನಗೆಗೀಡಾದ ಪ್ರಸಂಗವೊಂದಿದೆ. ಸಾಲಕ್ಕಿಂತ ಬೆಲೆ ಕಡಮೆಯಾದ ಮನೆಯನ್ನು ಬಿಟ್ಟು, ಕೀಲಿಕೈಯನ್ನು ಅಂಚೆಯಲ್ಲಿ ಬ್ಯಾಂಕಿಗೆ ಕಳುಹಿಸಿಬಿಡುತ್ತಿದ್ದ ಸಾಲಗಾರರನ್ನು ಕುರಿತು, ಇದರಿಂದ ನಿಮ್ಮ ಮಕ್ಕಳಿಗೆ ಯಾವ ಸಂದೇಶ ಹೋಗುತ್ತದೆ ಎಂದು ಗೃಹಸಾಲ ಬ್ಯಾಂಕುಗಳ ರಾಷ್ಟ್ರೀಯ ಸಂಘದ ಮುಖ್ಯಸ್ಥರು ಬುದ್ಧಿ ಹೇಳಿದ್ದರು. ಕೆಲವೇ ತಿಂಗಳಲ್ಲಿ, 2010ರ ಫೆಬ್ರವರಿಯಲ್ಲಿ, ಅದೇ ಸಂಘವು ವಾಷಿಂಗ್‌ಟನ್ನಿನಲ್ಲಿ 7.9 ಕೋಟಿ ಡಾಲರಿಗೆ ಕೊಂಡಿದ್ದ ತನ್ನ ಕಚೇರಿಯ ಕಟ್ಟಡವನ್ನು, ಅದರ ಮೇಲಿದ್ದ ಸಾಲಕ್ಕಿಂತ ಎಷ್ಟೋ ಕಡಮೆ ಮೊತ್ತಕ್ಕೆ, 4.1 ಕೋಟಿ ಡಾಲರಿನ ಆಸುಪಾಸಿನಲ್ಲಿ ಮಾರಿತು. ಅದೇ ಚಳಿಗಾಲದಲ್ಲಿ ನ್ಯೂಯಾರ್ಕಿನ ಸ್ಟೈವೆಸೆಂಟ್ ಟೌನ್ ಎಂಬ ಬೃಹತ್ ವಸತಿ ಸಮುಚ್ಚಯವನ್ನು 540 ಕೋಟಿ ಡಾಲರಿಗೆ ಕೊಂಡಿದ್ದ ಹೂಡಿಕೆದಾರರು ಅದನ್ನು ಸಾಲಕೊಟ್ಟವರ ಕೈಗೆ ಒಪ್ಪಿಸಿ ಹೊರಟುಹೋದರು. ಅವರ ಮಕ್ಕಳ ಚಿಂತೆಯನ್ನು ಯಾರೂ ಮಾಡಲಿಲ್ಲ.

ಇನ್ನು ಮೇಸಾದಲ್ಲಿ ಸಾರಿದ ಯೋಜನೆಯ ಗತಿ. ಕಂತನ್ನು ಕುಟುಂಬದ ಆದಾಯದ ಶೇಕಡಾ 31ಕ್ಕೆ ಇಳಿಸುವುದು, ಅದಕ್ಕಾಗಿ ಬಡ್ಡಿಯನ್ನು ಶೇಕಡಾ 2ರವರೆಗೆ ತಗ್ಗಿಸಿ ಅವಧಿಯನ್ನು ನಲವತ್ತು ವರ್ಷಕ್ಕೆ ಎಳೆಯುವುದು, ಮೂರು ತಿಂಗಳು ಪ್ರಾಯೋಗಿಕವಾಗಿ ಕಟ್ಟಿಸಿಕೊಂಡು ಆಮೇಲೆ ಕಾಯಂ ಮಾಡುವುದು: ಕಾಗದದ ಮೇಲೆ ಇದು ಸಮಂಜಸವಾಗಿಯೇ ಇತ್ತು. ಆದರೆ ಕಾರ್ಯಭಾರವನ್ನು ವಹಿಸಿದ್ದು ಸಾಲದ ಒಡೆಯರಿಗಲ್ಲ, ಅವರ ಪರವಾಗಿ ಕಂತು ವಸೂಲು ಮಾಡುವ ‘ಸರ್ವಿಸರ್’ ಸಂಸ್ಥೆಗಳಿಗೆ. ಸಾಲದ ಕರಾರನ್ನು ಹೀಗೆ ಸುಧಾರಿಸಿದರೆ ಸರ್ಕಾರದಿಂದ ಅವರಿಗೆ ಒಂದು ಸಾವಿರ ಡಾಲರು ಸಿಗುತ್ತಿತ್ತು. ಸುಧಾರಿಸದೆ ಜಪ್ತಿಯ ದಾರಿ ಹಿಡಿದರೆ ತಡವಾದ ದಂಡ, ತಪಾಸಣೆಯ ಖರ್ಚು, ವಕೀಲರ ಖರ್ಚು ಎಂದು ಅದಕ್ಕಿಂತ ಹೆಚ್ಚು ದಕ್ಕುವುದುಂಟು. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ತೆರಿಗೆಯ ಪತ್ರ, ಕಷ್ಟವನ್ನು ವಿವರಿಸುವ ಪ್ರಮಾಣಪತ್ರ ಇವನ್ನೆಲ್ಲ ಜೋಡಿಸಿ ಫ್ಯಾಕ್ಸ್ ಮಾಡಿದ ಗೃಹಸ್ಥನಿಗೆ, ಕಾಗದ ತಲುಪಲಿಲ್ಲ, ಇನ್ನೊಮ್ಮೆ ಕಳುಹಿಸಿರಿ ಎಂಬ ಉತ್ತರ; ಇನ್ನೊಮ್ಮೆ ಕಳುಹಿಸುವಷ್ಟರಲ್ಲಿ ಮೊದಲ ಸಂಬಳದ ಚೀಟಿ ಹಳತಾಯಿತು, ಹೊಸದು ಬೇಕು ಎಂಬ ಉತ್ತರ; ಫೋನು ಮಾಡಿದಾಗಲೆಲ್ಲ ಬೇರೊಬ್ಬ ಗುಮಾಸ್ತನ ದನಿ. ಒಂದು ಮೇಜಿನಲ್ಲಿ ಅವನ ಅರ್ಜಿಯ ಪರಿಶೀಲನೆ ನಡೆಯುತ್ತಿರುವಾಗಲೇ ಮತ್ತೊಂದು ಮೇಜಿನಲ್ಲಿ ಅವನ ಮನೆಯ ಹರಾಜಿಗೆ ದಿನ ಗೊತ್ತಾಗಿರುತ್ತಿತ್ತು. ಇಳಿಸಿದ ಕಂತನ್ನು ಎಂಟು ಹತ್ತು ತಿಂಗಳು ತಪ್ಪದೆ ಕಟ್ಟಿ, ಕೊನೆಗೆ ಅರ್ಜಿ ತಿರಸ್ಕೃತವಾಗಿ, ಅಷ್ಟೂ ತಿಂಗಳ ವ್ಯತ್ಯಾಸವನ್ನು ದಂಡಸಮೇತ ಒಮ್ಮೆಗೇ ಕಟ್ಟಬೇಕೆಂಬ ಆಜ್ಞೆಯನ್ನು ಕೈಯಲ್ಲಿ ಹಿಡಿದು ನಿಂತವರು ಅನೇಕರು. ಅವರ ಪಾಲಿಗೆ ನೆರವು ಬಾರದೆ ಹೋಗಿದ್ದರೇ ಚೆನ್ನಾಗಿತ್ತು. ಯೋಜನೆ ಮುಗಿಯುವ ಹೊತ್ತಿಗೆ ಕಾಯಂ ಆದ ಸುಧಾರಣೆಗಳು ಸುಮಾರು ಹದಿನೇಳು ಲಕ್ಷ. ಬ್ಯಾಂಕುಗಳ ನಷ್ಟವು ಒಮ್ಮೆಗೇ ಬೀಳದೆ ನಿಧಾನವಾಗಿ ಬೀಳುವಂತೆ ಮಾಡುವುದೇ ಇದರ ಉದ್ದೇಶವೆಂಬಂತೆ ಖಜಾನೆಯ ಕಾರ್ಯದರ್ಶಿ ಟಿಮೊಥಿ ಗೈಟ್ನರ್ ಮಾತನಾಡಿದರೆಂದು, ಪರಿಹಾರನಿಧಿಯ ಮೇಲೆ ಕಣ್ಣಿಡಲು ನೇಮಕವಾಗಿದ್ದ ನೀಲ್ ಬರೋಫ್‌ಸ್ಕಿ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಅದೇ ದೇಶವು ಇದೇ ಕೆಲಸವನ್ನು ಅದಕ್ಕೂ ಸುಮಾರು ಎಪ್ಪತ್ತೈದು ವರ್ಷಗಳ ಹಿಂದೆ ಇದಕ್ಕಿಂತ ಚೆನ್ನಾಗಿ ಮಾಡಿತ್ತು. 1933ರ ಏಪ್ರಿಲ್ 27ರಂದು ಅಯೋವಾ ಸಂಸ್ಥಾನದ ಲ ಮಾರ್ಸ್ ಎಂಬ ಊರಿನಲ್ಲಿ, ಇನ್ನು ಜಪ್ತಿಯ ಆಜ್ಞೆಗೆ ಸಹಿ ಹಾಕುವುದಿಲ್ಲವೆಂದು ಪ್ರಮಾಣ ಮಾಡಲು ಒಪ್ಪದ ನ್ಯಾಯಾಧೀಶ ಚಾರ್ಲ್ಸ್ ಬ್ರಾಡ್ಲಿಯವರನ್ನು ರೈತರು ನ್ಯಾಯಪೀಠದಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು. ಪ್ರಾಣವೊಂದನ್ನು ಉಳಿಸಿ ಬಿಟ್ಟರು. ಆ ಬೇಸಗೆಯಲ್ಲಿಯೇ ರೂಸ್‌ವೆಲ್ಟರ ಸರ್ಕಾರವು ಗೃಹಸ್ಥರ ಸಾಲಕ್ಕೆಂದು ನಿಗಮವೊಂದನ್ನು ಸ್ಥಾಪಿಸಿತು. ಅದು ಸಾಲಕೊಟ್ಟವರಿಂದ ಪತ್ರಗಳನ್ನು ಬಾಂಡುಗಳಿಗೆ ಬದಲಾಗಿ ತಾನೇ ಕೊಂಡು, ಮೂರರಿಂದ ಐದು ವರ್ಷಕ್ಕೆ ಅಸಲನ್ನೆಲ್ಲ ಒಮ್ಮೆಗೇ ಕೇಳುತ್ತಿದ್ದ ಹಳೆಯ ಕರಾರುಗಳ ಬದಲು, ಹದಿನೈದು ವರ್ಷಗಳಲ್ಲಿ ಅಸಲೂ ಬಡ್ಡಿಯೂ ಸಮಕಂತುಗಳಲ್ಲಿ ಕರಗುವ, ಶೇಕಡಾ 5ರ ಹೊಸ ಸಾಲಗಳನ್ನು ಕೊಟ್ಟಿತು. ಮೂರು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಮನೆಗಳು. ಬಂದ ಅರ್ಜಿಗಳಲ್ಲಿ ಅರ್ಧದಷ್ಟಕ್ಕೆ ಸಾಲ ದೊರೆಯಲಿಲ್ಲ. ಕೊಟ್ಟ ಮೇಲೆಯೂ ಕಟ್ಟದವರ ಮನೆಗಳನ್ನು, ಸುಮಾರು ಎರಡು ಲಕ್ಷವನ್ನು, ನಿಗಮವು ಮುಲಾಜಿಲ್ಲದೆ ಜಪ್ತಿ ಮಾಡಿತು. 1951ರಲ್ಲಿ ಲೆಕ್ಕ ಮುಚ್ಚುವಾಗ ಖಜಾನೆಗೆ ನಷ್ಟವಾಗಿರದೆ ಅಲ್ಪ ಲಾಭವೇ ಉಳಿದಿತ್ತು. ಕರಿಯರ ಬಡಾವಣೆಗಳನ್ನು ಕೆಂಪು ಬಣ್ಣದಿಂದ ಗುರುತಿಸಿದ ಅದರ ನಕ್ಷೆಗಳು ಮಾಡಿಹೋದ ಅನ್ಯಾಯವನ್ನು ಇಲ್ಲಿ ಮರೆಯಲಾಗದು. ಆದರೆ ಕರುಣೆಗೂ ಕಾಠಿಣ್ಯಕ್ಕೂ ಒಂದೇ ಕಚೇರಿಯಲ್ಲಿ ಎಡೆಯಿರುವುದು ಸಾಧ್ಯವೆಂಬುದಕ್ಕೆ ಆ ನಿಗಮವೇ ಸಾಕ್ಷಿ.

2009ರಲ್ಲಿ ಅಂಥ ನಿಗಮವನ್ನು ಕಟ್ಟುವ ಕಾಲವಾಗಲಿ ಮನಸ್ಸಾಗಲಿ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಒಂದೊಂದೇ ಬಾಗಿಲನ್ನು ತೆರೆದು ನೋಡುವ ಅಧಿಕಾರಿಯೊಬ್ಬನು ಆ ದೇಶದ ಪ್ರತಿ ಜಿಲ್ಲೆಯಲ್ಲಿಯೂ ಆಗಲೇ ಕುಳಿತಿದ್ದನು. ಅವನೇ ದಿವಾಳಿ ನ್ಯಾಯಾಲಯದ ನ್ಯಾಯಾಧೀಶ. ಸಾಲಗಾರನ ಆಸ್ತಿ, ಆದಾಯ, ಖರ್ಚು, ಸತ್ಯಸಂಧತೆ ಎಲ್ಲವನ್ನೂ ಪ್ರಮಾಣದ ಮೇಲೆ ವಿಚಾರಿಸಿ, ಸುಳ್ಳು ಹೇಳಿದವನನ್ನು ಹೊರಗಟ್ಟಿ, ಉಳಿದವನ ಸಾಲವನ್ನು ಆಸ್ತಿಯ ನಿಜಬೆಲೆಗೆ ಇಳಿಸಿ ಕಂತು ಕಟ್ಟಿಕೊಡುವ ಅಧಿಕಾರ ಅವನಿಗಿದೆ. ಬಾಡಿಗೆಗೆ ಕೊಟ್ಟ ಮನೆಯ ಸಾಲವನ್ನು ಅವನು ಇಳಿಸಬಲ್ಲ, ವಿಹಾರಕ್ಕೆಂದು ಸರೋವರದ ದಡದಲ್ಲಿ ಕಟ್ಟಿಸಿದ ಎರಡನೆಯ ಮನೆಯದನ್ನು ಇಳಿಸಬಲ್ಲ, ವಿಹಾರನೌಕೆಯದನ್ನು ಇಳಿಸಬಲ್ಲ, 1986ರ ಕಾಯಿದೆಯ ಮೇರೆಗೆ ರೈತನ ಹೊಲದ್ದನ್ನೂ ಇಳಿಸಬಲ್ಲ. ಮನುಷ್ಯನು ವಾಸಮಾಡುವ ಏಕೈಕ ಮನೆಯ ಸಾಲವನ್ನು ಮಾತ್ರ ಮುಟ್ಟಕೂಡದು. 1978ರ ಸಂಹಿತೆಯಲ್ಲಿ ಸೇರಿದ ಈ ವಿಚಿತ್ರವನ್ನು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಗೃಹಸಾಲಕ್ಕೆ ಬಂಡವಾಳ ಧಾರಾಳವಾಗಿ ಹರಿದುಬರಲೆಂಬುದು ಅದಕ್ಕೆ ಹೇಳುವ ಸಮರ್ಥನೆ. ಬಂಡವಾಳವೇನೋ ಹರಿದುಬಂತು, ಮುಳುಗಿಸುವಷ್ಟು.

ಈ ನಿಷೇಧವನ್ನು ತೆಗೆಯುವುದಕ್ಕೆ ಖಜಾನೆಯಿಂದ ಒಂದು ಡಾಲರೂ ಬೇಕಿರಲಿಲ್ಲ. ಸಾಂಟೆಲಿಯವರ ದಲಾಲರು ನೆರೆಯವನ ಸಾಲಕ್ಕೆ ಒಂದು ಕಾಸನ್ನೂ ತೆರಬೇಕಾಗಿರಲಿಲ್ಲ. ತೆರಬೇಕಾದವರು ಯೋಗ್ಯತೆ ನೋಡದೆ ಸಾಲ ಕೊಟ್ಟವರು, ಅದೂ ಹರಾಜಿನಲ್ಲಿ ಹೇಗಿದ್ದರೂ ಕಳೆದುಕೊಳ್ಳಲಿದ್ದ ಭಾಗವನ್ನು. ದಿವಾಳಿಯ ಕಟಕಟೆಯನ್ನು ಹತ್ತಿ, ಐದು ವರ್ಷ ನ್ಯಾಯಾಲಯದ ಕಣ್ಣಳತೆಯಲ್ಲಿ ಬಾಳಿ, ಸಾಲದ ಬಜಾರಿನಲ್ಲಿ ಹೆಸರು ಕೆಡಿಸಿಕೊಳ್ಳುವ ಶಿಕ್ಷೆ ಸಾಲಗಾರನಿಗೂ ಇದ್ದೇ ಇತ್ತು. ಹೀಗೆ ಇಬ್ಬರ ತಪ್ಪಿಗೂ ಇಬ್ಬರೂ ತೆರುವ ಏರ್ಪಾಡಿಗೆ ನೆರವೆಂಬ ಹೆಸರೇ ಸಲ್ಲದು, ಅದು ನ್ಯಾಯದಾನ. ಪ್ರತಿನಿಧಿ ಸಭೆಯು ಮಾರ್ಚಿಯಲ್ಲಿ ಇದನ್ನು ಅಂಗೀಕರಿಸಿತು. ಸೆನೆಟ್ಟಿನಲ್ಲಿ ಇದನ್ನು ಮಂಡಿಸಿದ ಇಲಿನಾಯ್ ಸಂಸ್ಥಾನದ ರಿಚರ್ಡ್ ಡರ್ಬಿನ್, ಮತದಾನದ ಹೊತ್ತಿಗೆ ಬೇಸತ್ತು, ಈ ಶಾಸನಸಭೆಯ ಒಡೆತನವೇ ಬ್ಯಾಂಕುಗಳದ್ದಾಗಿದೆ ಎಂಬರ್ಥದ ಮಾತನ್ನು ರೇಡಿಯೋ ಸಂದರ್ಶನದಲ್ಲಿ ಆಡಿದರು. ಚುನಾವಣೆಯ ಕಾಲದಲ್ಲಿ ಇದನ್ನು ಬೆಂಬಲಿಸಿದ್ದ ಅಧ್ಯಕ್ಷರು ಈಗ ಒತ್ತಾಯ ಮಾಡಲಿಲ್ಲ. ಏಪ್ರಿಲ್ 30ರಂದು ಪರವಾಗಿ ನಲವತ್ತೈದು, ವಿರುದ್ಧವಾಗಿ ಐವತ್ತೊಂದು ಮತಗಳು ಬಿದ್ದು ಸೂಚನೆಯು ಸೋತಿತು.

ನಮ್ಮಲ್ಲಿ 2008ರ ಫೆಬ್ರವರಿಯ ಮುಂಗಡಪತ್ರದಲ್ಲಿ ಆಗಿನ ಹಣಕಾಸು ಮಂತ್ರಿ ಚಿದಂಬರಂ ಅವರು 60,000 ಕೋಟಿ ರೂಪಾಯಿಗಳ ರೈತರ ಸಾಲಮನ್ನಾ ಸಾರಿದಾಗ, ತಪ್ಪದೆ ಸಾಲ ತೀರಿಸಿದ ರೈತನು ಸಾಂಟೆಲಿಯವರ ಪ್ರಶ್ನೆಯನ್ನೇ ಕೇಳಿದ್ದನು. ಬ್ಯಾಂಕಿನ ಬಾಗಿಲು ತೆರೆಯದೆ ಊರ ಸಾಹುಕಾರನಲ್ಲಿ ಸಾಲ ಮಾಡಿದವನಿಗೆ ಆ ಮನ್ನಾದಿಂದ ಬಿಡಿಗಾಸೂ ದಕ್ಕಲಿಲ್ಲ. ಯಾರು ಯಾವ ಕಾರಣಕ್ಕೆ ಮುಳುಗಿದರೆಂದು ನೋಡದೆ ಒಂದೇ ಗೆರೆಯೆಳೆದು ಮನ್ನಾ ಮಾಡುವುದೂ, ನೋಡುವ ಹೊಣೆಯನ್ನು ವಸೂಲಿಗಾರನಿಗೇ ಒಪ್ಪಿಸುವುದೂ, ಎರಡೂ ನೋಡದಿರುವ ಬಗೆಗಳೇ ಎಂದು ನನಗೆ ತೋರುತ್ತದೆ. ಆಪತ್ತಿನ ಸಾಲ ಹೊತ್ತ ಗೃಹಸ್ಥರೆಲ್ಲರೂ ನೆರವಿಗೆ ಅರ್ಹರೇ ಎಂದು ಕೇಳಿದರೆ ಅಲ್ಲವೆಂದೇ ಹೇಳುವೆನು. ಆದರೆ ತನ್ನ ಕಥೆಯನ್ನು ಪೂರ್ತಿ ಕೇಳುವ ಅಧಿಕಾರವುಳ್ಳ ಒಬ್ಬ ನಿಷ್ಪಕ್ಷಪಾತಿಯ ಮುಂದೆ ನಿಲ್ಲುವುದಕ್ಕೆ ಅವರಲ್ಲಿ ಪ್ರತಿಯೊಬ್ಬನೂ ಅರ್ಹನಾಗಿದ್ದನು. ಫ್ಲಾರಿಡಾದ ಲೀ ಕೌಂಟಿಯಲ್ಲಿ ಜಪ್ತಿಯ ವ್ಯಾಜ್ಯಗಳನ್ನು ದಿನಕ್ಕೆ ನೂರುಗಟ್ಟಲೆ ವಿಲೇವಾರಿ ಮಾಡಿದ ನ್ಯಾಯಾಲಯಕ್ಕೆ ಜನ ‘ರಾಕೆಟ್ ಡಾಕೆಟ್’ ಎಂದು ಹೆಸರಿಟ್ಟಿದ್ದರು. ಅಲ್ಲಿ ಒಬ್ಬೊಬ್ಬನ ಪಾಲಿಗೆ ಒಂದು ನಿಮಿಷವೂ ಬರುತ್ತಿರಲಿಲ್ಲ.

ಓದದೆಯೇ ಸಹಿ ಹಾಕಿದ ಪ್ರಮಾಣಪತ್ರಗಳ ಬಲದಿಂದ ಬ್ಯಾಂಕುಗಳು ಮನೆಗಳನ್ನು ಜಪ್ತಿ ಮಾಡಿದ್ದು 2010ರಲ್ಲಿ ಬಯಲಾದ ಮೇಲೆ, ಅಧಿಕಾರಿಗಳು ಜಪ್ತಿಯ ಕಡತಗಳನ್ನು ಒಂದೊಂದಾಗಿ ಮರುಪರಿಶೀಲಿಸಲು ಆಜ್ಞೆಮಾಡಿ, ಸಲಹೆಗಾರರ ಸಂಭಾವನೆಯೇ ಮಿತಿಮೀರಿದ್ದರಿಂದ ಆ ಪರಿಶೀಲನೆಯನ್ನು ಅರ್ಧಕ್ಕೆ ನಿಲ್ಲಿಸಿ, ಅದರ ಬದಲು ಸುಮಾರು ನಲವತ್ತೆರಡು ಲಕ್ಷ ಮಂದಿಗೆ 360 ಕೋಟಿ ಡಾಲರುಗಳನ್ನು ಹಂಚುವುದೆಂದು ಗೊತ್ತುಮಾಡಿದರು. 2013ರ ಏಪ್ರಿಲ್‌ನಲ್ಲಿ ಚೆಕ್ಕುಗಳು ಅಂಚೆಯಲ್ಲಿ ಬಂದವು. ಬಹುಮಂದಿಯ ಪಾಲಿಗೆ ಬಂದದ್ದು ಕೆಲವು ನೂರು ಡಾಲರುಗಳ ಚೆಕ್ಕು. ಮೊದಲ ಕಂತಿನಲ್ಲಿ ಕಳುಹಿಸಿದ ಚೆಕ್ಕನ್ನು ನಗದು ಮಾಡಿಸಲು ಹೋದ ಕೆಲವರಿಗೆ, ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂಬ ಉತ್ತರ ದೊರೆಯಿತು; ದೋಷವನ್ನು ಸರಿಪಡಿಸಲಾಗಿದೆಯೆಂದು ಫೆಡರಲ್ ರಿಸರ್ವ್ ಪ್ರಕಟಣೆ ಹೊರಡಿಸಿತು.